ಸೊಸೆಯ ನೋಟ್‌ಬುಕ್ಕಿನ ಹನ್ನೊಂದು ಮಾತು

ಸೊಸೆಯ ದಿಂಬಿನ ಕವರು ಒಗೆಯೋಣ ಅಂತ ಬಸಮ್ಮ ಆ ಕೋಣೆಗೆ ಹೋಗಿದ್ದು ಒಳ್ಳೇ ಮನಸ್ಸಿನಿಂದಲೇ. ಹಾಗಂತ ಆಮೇಲೆ ಅವಳೇ ಎಲ್ಲರಿಗೂ ಹೇಳಿಕೊಂಡಳು. ಕವರು ಒಗೆಯೋಕೆ ಕವರು ಬಿಚ್ಚಿದರೆ ಸಾಕಲ್ಲ, ಹಾಸಿಗೆ ಮಗುಚಿ, ಟ್ರಂಕು ಸರಿಸಿ, ಅದರ ಹಿಂದೆ ಮೊಣಕೈವರೆಗೂ ಕೈ ಹಾಕೋದು ಯಾತಕ್ಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರಕ್ಕೇನು ಬರವಿರಲಿಲ್ಲ. ಉತ್ತರ ಕೊಡೋದರಲ್ಲಿ ಬಾಣಾವರದಲ್ಲೇ ಬಸಮ್ಮನ ಸರಿಸಮ ಯಾರೂ ಇಲ್ಲ.

ಟ್ರಂಕಿನ ಹಿಂದೆ ಒಂದು ನೋಟ್‌ಬುಕ್ಕು ಸಿಕ್ಕಿತು. ತೆರೆದರೆ ಒಂದು ಹಾಳೆ ತುಂಬ ಇಂಗ್ಲಿಷು. ಹನ್ನೊಂದು ಸಾಲು, ಸಾಲಿಗೊಂದು ನಂಬರು. ಏಳು ಸಾಲಿನ ಪಕ್ಕದಲ್ಲಿ ಮೇಷ್ಟ್ರು ಸರಿ ಅಂತ ಹಾಕುವ ಗುರುತು. ಹಾಳೆಯ ಬುಡದಲ್ಲಿ ಕೆಂಪು ಶಾಯಿಯಲ್ಲಿ ಒಂದು ತಾರೀಖು ಬರೆದು ಅಡಿಗೆ ಎರಡು ಗೆರೆ ಎಳೆದಿತ್ತು. ಜನವರಿ ಇಪ್ಪತ್ತೊಂಬತ್ತು, ತೊಂಬತ್ತೊಂಬತ್ತನೇ ಇಸವಿ. ಬಸಮ್ಮನಿಗೆ ಕನ್ನಡ ಕೂಡಿಸಿ ಓದೋಕೆ ಬರುತ್ತಿತ್ತು. ಇಂಗ್ಲಿಷಿನಲ್ಲಿ ಗೊತ್ತಿದ್ದದ್ದು ಅಂಕಿ ಮಾತ್ರ. ತಾರೀಖು ನೋಡಿದಳು, ಅದಕ್ಕಿನ್ನೂ ಮೂರು ವಾರ ಇತ್ತು.

ಸೊಸೆ ಸಿರಿ ಬೇಲೂರಿನವಳು. ಮಗ ಮಹಾಂತೇಶನ ಕೈ ಹಿಡಿದು ಈ ಮನೆಗೆ ಬಂದು ಮೂರು ವರ್ಷ. ಅರಸೀಕೆರೆಯ ಒಂದು ಪ್ರೈವೇಟ್ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಮ್ಮು. ಬೆಳಿಗ್ಗೆ ಬಸ್ಸು ಹತ್ತಿದರೆ ಬರೋದು ಸಂಜೆ ಐದಕ್ಕೆ. ಸ್ಕೂಲಿನ ಪುಸ್ತಕಗಳನ್ನೆಲ್ಲ ಗೂಡಿನಲ್ಲಿ ಎದ್ದು ಕಾಣೋ ಹಾಗೆ ಜೋಡಿಸೋಳು, ಇದೊಂದನ್ನು ಮಾತ್ರ ಟ್ರಂಕಿನ ಹಿಂದೆ ಯಾಕೆ ತುರುಕಿದಳು? ಬಸಮ್ಮನ ತಲೆಯೊಳಗೆ ಹುಳ ಬಿದ್ದೇ ಬಿಟ್ಟಿತು.

"ಶ್ಯಾಮಲಾ! ಆ ಅವರೆಕಾಯಿ ಅಲ್ಲೇ ಬಿಟ್ಟು ಬಾರೇ ಇಲ್ಲಿ."

ಮಗಳು ಶ್ಯಾಮಲಾ ಕೈ ಒರೆಸಿಕೊಳ್ಳುತ್ತಾ ಬಂದಳು. ಬಿ.ಎ. ಮಾಡಿದ್ದಳು, ಇಂಗ್ಲಿಷನ್ನು ಮೂರನೇ ಸಲಕ್ಕೆ ದಾಟಿಕೊಂಡಿದ್ದಳು.

"ಇದೇನು ಬರ್ದವ್ಳೆ ಓದೇ."

"ಇಲ್-ಟ್ರೀಟ್," ಅಂತ ಓದಿದಳು ಶ್ಯಾಮಲಾ. "ಅಂದ್ರೆ ಕೆಟ್ಟದಾಗಿ ನಡೆಸ್ಕೊಳ್ಳೋದು ಕಣವ್ವ. ಎರಡನೇದು ಡಿಸ್ಕ್ರಿಮಿನೇಟ್. ಅದು ಭೇದ ಮಾಡೋದು. ಒಬ್ರಿಗೊಂದು, ಇನ್ನೊಬ್ರಿಗೊಂದು."

"ಆಮೇಲೆ?"

"ಎಕ್ಸ್‌ಪ್ಲಾಯ್ಟ್. ಚೆನ್ನಾಗಿ ದುಡಿಸ್ಕೊಂಡು ಏನೂ ಕೊಡದೇ ಇರೋದು. ಹ್ಯುಮಿಲಿಯೇಟ್, ಮಾನ ಕಳೆಯೋದು. ಟೇಕ್ ಫಾರ್ ಗ್ರಾಂಟೆಡ್, ಹೆಂಗಿದ್ರೂ ಮಾಡ್ತಾಳೆ ಬಿಡು ಅನ್ನೋದು. ವಾಕ್ ಆಲ್ ಓವರ್..." ಶ್ಯಾಮಲಾ ತಡವರಿಸಿದಳು. "ಅಂದ್ರೆ ಮೈಮೇಲೆಲ್ಲ ನಡೆದಾಡೋದು."

"ಅಯ್ಯೋ ನನ್ನ ಶಿವನೇ! ನಾವೆಲ್ಲೇ ಅವಳ ಮೈಮೇಲೆ ನಡೆದಾಡಿದ್ವಿ?"

"ಹಂಗಲ್ಲವ್ವ, ಹಂಗೆ ಹೇಳೋ ರೀತಿ ಅದು. ಮುಂದಿನದು ಟ್ರೀಟ್ ಲೈಕ್ ಡರ್ಟ್. ಕಸಕ್ಕಿಂತ ಕಡೆಯಾಗಿ ನೋಡೋದು. ಆಮೇಲೆ ಪಾರ್ಷಿಯಾಲಿಟಿ, ಅದು ನಿಂಗೂ ಗೊತ್ತು. ಒಂಬತ್ತನೇದು ಹೆರಾಸ್." ಶ್ಯಾಮಲಾಳ ದನಿ ಸಣ್ಣದಾಯಿತು. "ಪೇಪರ್‌ನಲ್ಲಿ ಬರುತ್ತಲ್ಲ, ಕಿರುಕುಳ ಅಂತ. ಅದು. ಉಳಿದ ಎರಡೂ ಅಂಥವೇ."

ಬಸಮ್ಮ ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದಳು. ಕಿರುಕುಳ ಅನ್ನೋ ಮಾತಿಗೆ ಇಂಗ್ಲಿಷ್ ಬೇಕಿರಲಿಲ್ಲ. ಹೋದ ವರ್ಷ ಮಾದಿಹಳ್ಳಿಯಲ್ಲಿ ಅವಳ ದೂರದ ನೆಂಟರ ಮನೆಯಲ್ಲಿ ಸೊಸೆ ಕಂಪ್ಲೇಂಟು ಬರೆದುಕೊಟ್ಟಳು. ಜೀಪು ಬಂತು. ಅರವತ್ತು ದಾಟಿದ ಅತ್ತೆಯನ್ನು ಇಡೀ ಊರು ನೋಡುತ್ತಿರುವಾಗ ಹತ್ತಿಸಿಕೊಂಡು ಹೋದರು. ಆ ಮನೆಯ ಹೆಣ್ಣುಮಗಳಿಗೆ ಗೊತ್ತಾಗಿದ್ದ ಗಂಡು ವಾರದೊಳಗೆ ಬೇಡ ಅಂದಿತು. ಅವಳು ಇನ್ನೂ ಹಾಗೇ ಇದ್ದಾಳೆ.

ಶ್ಯಾಮಲಾಗೆ ಆಗಲೇ ಇಪ್ಪತ್ತಾರು. ಬಂದ ಗಂಡುಗಳೆಲ್ಲ ಒಂದೊಂದು ನೆಪ ಹೇಳಿ ಹೋಗಿದ್ದರು. ಕಡೆಗೆ ಹಳೇಬೀಡಿನ ಶಿವಯ್ಯನವರ ಮಗ, ಮೇಷ್ಟ್ರು ಕೆಲಸದಲ್ಲಿರೋನು, ಒಪ್ಪಿದ್ದ. ಪುಷ್ಯ ಮಾಸ ಕಳೆಯಲಿ ಅಂತ ಕಾದಿದ್ದರು. ಜನವರಿ ಮೂವತ್ತೊಂದನೇ ತಾರೀಖು ಭಾನುವಾರ ಬಂದು ಮಾತು ಮುಗಿಸೋರು. ಕೆಂಪು ಶಾಯಿಯ ತಾರೀಖಿಗೆ ಸರಿಯಾಗಿ ಎರಡು ದಿನ ಆದಮೇಲೆ.

"ಲೆಕ್ಕ ಹಾಕಿ ಇಟ್ಟವ್ಳೆ ಕಣೇ," ಅಂದಳು ಬಸಮ್ಮ. "ನಿನ್ನ ಬಾಳಿಗೆ ಕಲ್ಲು ಹಾಕೋಕೆ ದಿನ ನೋಡಿ ಇಟ್ಟವ್ಳೆ." ನೋಟ್‌ಬುಕ್ಕನ್ನು ಸಿಕ್ಕಿದ ಜಾಗದಲ್ಲೇ ಮತ್ತೆ ಸೇರಿಸಿದಳು.

ಮಧ್ಯಾಹ್ನ ತೋಟದಿಂದ ಗಂಡ ಗಂಗಾಧರಯ್ಯ, ಸೊಸೈಟಿ ಆಫೀಸಿನಿಂದ ಮಹಾಂತೇಶ ಊಟಕ್ಕೆ ಬಂದರು. ಮುದ್ದೆಯ ಜೊತೆಗೆ ಸುದ್ದಿಯನ್ನೂ ಬಡಿಸಿದಳು.

"ಇಂಗ್ಲಿಷ್ ಮೇಡಮ್ಮು ಇಂಗ್ಲಿಷ್ ಬರೀದೆ ಇನ್ನೇನು ಬರೀತಾಳೆ?" ಅಂದ ಗಂಗಾಧರಯ್ಯ.

"ಹನ್ನೊಂದೂ ಒಂದೇ ಜಾತಿ ಮಾತು ಕಣ್ರೀ! ಒಂದೂ ಹೂವಿನ ಹೆಸರಿಲ್ಲ, ಹಣ್ಣಿನ ಹೆಸರಿಲ್ಲ. ಏಳಕ್ಕೆ ಗುರುತು ಬೇರೆ ಹಾಕವ್ಳೆ. ಆಗಿರೋವಕ್ಕೆ ಗುರುತು, ಮಿಕ್ಕವು ಆಗಬೇಕಾದವು. ಅವಳಣ್ಣ ಬೇಲೂರಿನಲ್ಲಿ ಲಾಯರ್ ಹತ್ರ ಟೈಪು ಹೊಡೀತಾನೆ ಅನ್ನೋದು ಮರೆತ್ರಾ?"

ಗಂಗಾಧರಯ್ಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅದನ್ನು ಅವನು ಮರೆತಿದ್ದ.

"ನಾನು ಕೇಳಿಬಿಡ್ತೀನಿ ಬಿಡವ್ವ," ಅಂದ ಮಹಾಂತೇಶ.

"ಕೇಳ್ತಾನಂತೆ! ಕೇಳಿದ ತಕ್ಷಣ ನಾಳೆನೇ ಹೋಗಿ ಕೊಡ್ತಾಳೆ. ಬಾಯಿ ಮುಚ್ಕೊಂಡು ಉಣ್ಣೋ."

ಅವನು ಬಾಯಿ ಮುಚ್ಚಿಕೊಂಡು ಉಂಡ. ಮೂರು ವರ್ಷದಿಂದ ಆ ಹುಡುಗ ಮಾಡಿಕೊಂಡು ಬಂದದ್ದೂ ಅದನ್ನೇ.

ಮಾರನೇ ದಿನ ಗಂಗಾಧರಯ್ಯ ಅರಸೀಕೆರೆಗೆ ಹೋಗಿ ಪರಿಚಯದ ಲಾಯರ್ ಹನುಮಂತಯ್ಯನವರನ್ನು ಕಂಡು ಬಂದ. ಅವರ ಮಾತು ಚಿಕ್ಕದು. ಮಗಳ ಮದುವೆ ಆಗೋ ತನಕ ಸೊಸೆ ಮನಸ್ಸು ನೋಯಿಸಬೇಡಿ. ನೋಟ್‌ಬುಕ್ಕು ನೋಡಿದ್ದೀವಿ ಅಂತ ಸುಳಿವು ಬಿಡಬೇಡಿ. ಹೂವಿನ ಹಾಗೆ ನೋಡಿಕೊಳ್ಳಿ.

"ಹೂವಿನ ಹಂಗೆ," ಅಂತ ಬಸಮ್ಮ ಮೂಗು ಮುರಿದಳು. "ಆಯ್ತು, ನೋಡ್ಕೊಳ್ಳಾನ."

ಆ ಮನೆಯಲ್ಲಿ ಸಿರಿ ಎಲ್ಲರಿಗಿಂತ ಮೊದಲು ಎದ್ದು, ಅಂಗಳ ಗುಡಿಸಿ, ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುಂಬಿ ನೀರು ಕಾಯಿಸೋಳು. ಕಾದ ನೀರು ಮಾವನಿಗೆ, ಗಂಡನಿಗೆ, ಶ್ಯಾಮಲಾಗೆ, ಬಸಮ್ಮನಿಗೆ. ಹಂಡೆಯ ತಳದಲ್ಲಿ ಉಳಿದದ್ದಕ್ಕೆ ತಣ್ಣೀರು ಬೆರೆಸಿ ಅವಳು ಮೈಮೇಲೆ ಸುರಿದುಕೊಂಡು ಬಸ್ಸಿಗೆ ಓಡೋಳು. ಇದು ಅನ್ಯಾಯ ಅಂತ ಬಸಮ್ಮನಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ತಾನು ಸೊಸೆಯಾಗಿ ಬಂದಾಗ ತಳದ ನೀರೂ ಸಿಕ್ಕಿರಲಿಲ್ಲವಲ್ಲ.

ಶುಕ್ರವಾರ ಬೆಳಿಗ್ಗೆ ತಾನೇ ಎದ್ದು ಒಲೆ ಹಚ್ಚಿದಳು.

"ಸಿರಿ, ಮೊದಲು ನೀನು ಸ್ನಾನ ಮಾಡಮ್ಮ. ನೀರು ಕಾದೈತೆ."

ಸಿರಿ ಪೊರಕೆ ಹಿಡಿದು ನಿಂತಲ್ಲೇ ನಿಂತಳು. "ನಾನಾ ಅತ್ತೆ? ಮಾವಂದು ಆಗಿಲ್ಲ."

"ಅವರದ್ದು ಆಮೇಲೆ ಆಗುತ್ತೆ. ನಡಿಯಮ್ಮ."

ಎರಡು ಸಲ ಅಮ್ಮ ಅಂದಿದ್ದಳು ಬಸಮ್ಮ, ನಾಲಗೆ ಹೊರಳೋಕೆ ಕಷ್ಟವಾಯಿತು. ಸಿರಿ ಬಚ್ಚಲಿಗೆ ಹೋದಳು. ಹಂಡೆಗೆ ಬಗ್ಗಿ ನೋಡಿದಳು. ಚೊಂಬಿನಲ್ಲಿ ನೀರು ಮೊಗೆದು ಮೊದಲು ಕಾಲಿನ ಹೆಬ್ಬೆರಳ ಮೇಲೆ ಬಿಟ್ಟುಕೊಂಡಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಬಸಮ್ಮ ಹಲ್ಲು ಕಡಿದಳು. ಬಿಂಕ ನೋಡು, ಮಹಾರಾಣಿದು!

ಸಂಜೆ ಹಿತಕಿದ ಬೇಳೆ ಸಾರು. ನೆನೆಸಿದ ಅವರೆಕಾಳನ್ನು ಹಿತಕಿ ಸಿಪ್ಪೆ ತೆಗೆಯುವ ಕೆಲಸ ಯಾವಾಗಲೂ ಸಿರಿಯದು, ಸ್ಕೂಲಿಂದ ಬಂದು ಮುಖ ತೊಳೆಯೋಕೆ ಮುಂಚೆ ಪಾತ್ರೆ ಅವಳ ಮುಂದೆ ಇರೋದು. ಅವತ್ತು ಶ್ಯಾಮಲಾ ಹಿತಕಿ ಮುಗಿಸಿ ಉಗುರು ನೋಡಿಕೊಳ್ಳುತ್ತಾ ಗೊಣಗುತ್ತಿದ್ದಳು. ಊಟಕ್ಕೆ ಕೂತಾಗ ಬಸಮ್ಮ ಸಿರಿಯ ಮುದ್ದೆಗೆ ಮಗಳಿಗಿಂತ ಮುಂಚೆ ತುಪ್ಪ ಹಾಕಿದಳು, ಒಂದು ಚಮಚ ಹೆಚ್ಚಿಗೇ.

ಸಿರಿ ತಟ್ಟೆಯನ್ನೇ ನೋಡಿದಳು. ಆಮೇಲೆ, "ರೀ, ನಂದು ದೊಡ್ಡ ಮುದ್ದೆ ಆಯ್ತು, ನೀವಿದು ತಗೊಳ್ಳಿ," ಅಂತ ಗಂಡನ ತಟ್ಟೆಗೂ ತನ್ನ ತಟ್ಟೆಗೂ ಅದಲು ಬದಲು ಮಾಡಿದಳು. ಮಹಾಂತೇಶ ಮೊದಲನೇ ತುತ್ತು ನುಂಗೋವರೆಗೂ ಅವಳು ಕೈ ಹಾಕಲಿಲ್ಲ.

"ನೋಡಿದ್ರಾ?" ಅಂದಳು ಬಸಮ್ಮ ಆಮೇಲೆ ಗಂಡನಿಗೆ. "ನಮ್ಮ ತುಪ್ಪ ಬೇಡ ಅವಳಿಗೆ. ನಾಳೆ ಸ್ಟೇಷನ್ನಿನಲ್ಲಿ, ಅರೆಹೊಟ್ಟೆ ಹಾಕಿದ್ರು ಅಂತ ಹೇಳಬೇಕಲ್ಲ!"

ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಮೊದಲು ಸೊಸೆಗೆ ಕೊಟ್ಟಳು. ಸಿರಿ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು, ಬಾಯಿಗೆ ಹಾಕಲಿಲ್ಲ. ಗಂಗಾಧರಯ್ಯ ತನ್ನ ಪಾಲಿನ ಒಳ್ಳೇತನವನ್ನೂ ತೋರಿಸಬೇಕು ಅಂತ ಒಂದು ದಿನ ಇನ್ಶೂರೆನ್ಸ್ ಏಜೆಂಟನ್ನು ಕರಕೊಂಡು ಬಂದ.

"ಸಿರಿ, ನಿನ್ನ ಹೆಸರಿಗೇ ಮಾಡಿಸ್ತಿದ್ದೀನಿ ಕಣಮ್ಮ. ಇಲ್ಲೊಂದು ಸೈನು ಹಾಕು."

"ನನ್ನ ಹೆಸರಿಗಾ? ಈಗ ಯಾಕೆ ಮಾವ?"

"ಮನುಷ್ಯರ ಬಾಳು, ಯಾವಾಗ ಏನಾಗುತ್ತೋ ಯಾರಿಗೆ ಗೊತ್ತು?"

ಸಿರಿ ಪೆನ್ನು ಮುಟ್ಟಲಿಲ್ಲ. ತಲೆನೋವು ಅಂತ ಒಳಗೆ ಹೋದವಳು ಏಜೆಂಟು ಹೋಗೋವರೆಗೂ ಬರಲಿಲ್ಲ. ಮಾವನ ಮುಖಕ್ಕೆ ಬಾಗಿಲು ಹಾಕುವಷ್ಟು ಸೊಕ್ಕು ಬಂತಾ ಅಂತ ಬಸಮ್ಮ ಒಳಗೊಳಗೇ ಕುದಿದಳು. ಹೊರಗೆ ನಗುನಗುತ್ತಾ ಸೊಸೆಯ ಕೋಣೆಗೆ ಬಿಸಿ ಕಾಫಿ ಕಳಿಸಿದಳು. ಸಂಜೆ ಆ ಕಾಫಿ ಹಿತ್ತಲ ದಾಸವಾಳದ ಬುಡದಲ್ಲಿ ಕಂಡಿತು.

ಬಸಮ್ಮ ಈಗ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದಳು. ಸಿರಿ ಬಸ್ ಸ್ಟ್ಯಾಂಡಿನ ಹತ್ತಿರದ ಎಸ್.ಟಿ.ಡಿ. ಬೂತಿಗೆ ಹೋಗಿದ್ದು ಎರಡು ಸಲ. ಕೋಣೆಗೆ ಒಳಗಿನಿಂದ ಅಗುಳಿ ಹಾಕೋಕೆ ಶುರುಮಾಡಿದ್ದಳು. ನೈಲಾನ್ ಸೀರೆಗಳನ್ನೆಲ್ಲ ಮಡಿಸಿಟ್ಟು ದಪ್ಪ ಹತ್ತಿ ಸೀರೆ ಉಡುತ್ತಿದ್ದಳು, ಕೂದಲು ಬಿಗಿದು ತುರುಬು ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ. ಹಳೇಬೀಡಿನವರ ಮುಂದೆ ದರಿದ್ರವಾಗಿ ಕಾಣಬೇಕು ಅಂತ ಮಾಡ್ತಾಳೆ ಅಂತ ಬಸಮ್ಮ ತೀರ್ಮಾನಿಸಿದಳು. ಕೋಣೆಯ ಬಾಗಿಲ ಒಳಗೆ ಒಂದು ಬಕೆಟ್ಟು ತುಂಬ ನೀರು ಬೇರೆ. ಒಂದು ದಿನ ನೋಟ್‌ಬುಕ್ಕು ಇನ್ನೂ ಅಲ್ಲೇ ಇದೆಯಾ ಅಂತ ನೋಡೋಕೆ ಹೋಗಿ ಬಸಮ್ಮ ಆ ಬಕೆಟ್ಟಿಗೇ ಎಡವಿ ಮಂಡಿ ತರಚಿಕೊಂಡಳು. ಬಕೆಟ್ಟಿನ ನೀರು ಯಾಕೆ ಅಂತ ಮಾತ್ರ ಅವಳಿಗೆ ಹೊಳೆಯಲೇ ಇಲ್ಲ.

ವಿಚಿತ್ರ ಏನು ಅಂದರೆ, ಆ ಹನ್ನೊಂದು ಮಾತು ಬಸಮ್ಮನಿಗೆ ಬಾಯಿಪಾಠವಾಗಿ ಹೋಗಿದ್ದವು. ಕಾಯಿ ಸುಲಿಯೋಕೆ ಬಂದ ಜವರಣ್ಣನಿಗೆ ಸೂರಿನಡಿ ಸಿಕ್ಕಿಸಿದ್ದ ಬೇರೆ ಲೋಟ ತೆಗೆದು ಕಾಫಿ ಹೊಯ್ಯುವಾಗ, ಎರಡನೇ ನಂಬರು ಅಂತ ತಾನೇ ತಾನಾಗಿ ಮನಸ್ಸಿಗೆ ಬಂತು. ಶ್ಯಾಮಲಾ ತಟ್ಟೆ ಬಿಟ್ಟು ಎದ್ದು ಹೋದಾಗ, ಸಿರಿ ಎತ್ತುತ್ತಾಳೆ ಬಿಡು ಅನ್ನೋಕೆ ಬಾಯಿ ತೆರೆದವಳು ಐದನೇ ನಂಬರು ನೆನಪಾಗಿ ಸುಮ್ಮನಾದಳು. ಹೋದ ದೀಪಾವಳಿಗೆ ಸಿರಿಯ ಅಮ್ಮ ಬೇಲೂರಿನಿಂದ ಬಂದಿದ್ದಾಗ, ಎಲ್ಲರ ಎದುರಿಗೆ, ಅದೇ ಆಳುಗಳ ಲೋಟದಲ್ಲಿ ಕಾಫಿ ಕೊಟ್ಟಿದ್ದಳು ಬಸಮ್ಮ. ಮದುವೆಯಲ್ಲಿ ಬೀಗರ ಉಪಚಾರ ಸರಿಯಾಗಲಿಲ್ಲ ಅನ್ನೋ ಹಳೇ ಸಿಟ್ಟು. ಆ ತಾಯಿ ಲೋಟ ನೋಡಿ, ಮಗಳನ್ನು ನೋಡಿ, ಕುಡಿದು ಕೆಳಗಿಟ್ಟಿದ್ದಳು. ಅದು ಯಾವ ನಂಬರು ಅಂತ ಬಸಮ್ಮ ಹುಡುಕೋಕೆ ಹೋಗಲಿಲ್ಲ. ಹುಡುಕದಿದ್ದರೂ ಗೊತ್ತಾಯಿತು, ಅದಕ್ಕೇ ಅವಳಿಗೆ ಸಿರಿಯ ಮೇಲೆ ಇನ್ನಷ್ಟು ಕೋಪ ಬಂತು. ಬದುಕಿನಲ್ಲಿ ಹೆಂಗೋ ನಡಕೊಂಡು ಹೋಗೋ ವಿಷಯಕ್ಕೆಲ್ಲ ಹೆಸರು ಇಟ್ಟು ನಂಬರು ಹಾಕೋದು ಅಂದರೇನು?

ಇಷ್ಟೆಲ್ಲ ಮಾಡಿದರೂ ಸೊಸೆ ಕರಗಲಿಲ್ಲ. ದಿನದಿಂದ ದಿನಕ್ಕೆ ಬಡಕಲಾದಳು. ಹೊಗೆಗೆ ಸದಾ ಕೆಮ್ಮುತ್ತಿದ್ದಳು, ತೆಂಗಿನ ಗರಿ ಮಟ್ಟೆಯ ಒಲೆ ಊದಿ ಊದಿ ಕಣ್ಣು ಕೆಂಪಗಿರೋದು. ಗ್ಯಾಸಿಗೆ ಹೆಸರು ಬರೆಸಿ ಎರಡು ವರ್ಷವಾದರೂ ಬಂದಿರಲಿಲ್ಲ. ಆಗ ಬಸಮ್ಮನಿಗೆ ಒಂದು ಒಳ್ಳೇ ಯೋಚನೆ ಬಂತು.

"ಒಂದು ಸ್ಟೌ ತಂದುಬಿಡಿ ಕಣ್ರೀ. ಪಂಪು ಹೊಡೆಯೋದು. ಹೊಗೆ ತಪ್ಪಿದ್ರೆ ಅವಳಿಗೂ ಒಂಚೂರು ಮನಸ್ಸು ತಿರುಗಬಹುದು."

ಗಂಗಾಧರಯ್ಯ ಅರಸೀಕೆರೆಯಿಂದ ಹಿತ್ತಾಳೆ ಟ್ಯಾಂಕಿನ ಸ್ಟೌ ತಂದ, ಒಂದು ಡಬ್ಬ ಸೀಮೆಎಣ್ಣೆಯನ್ನೂ ಹೊಂದಿಸಿಕೊಂಡು ಬಂದ. ಅಡುಗೆಮನೆಯಲ್ಲಿ ಒಲೆ ಉರಿಯುತ್ತಿರುತ್ತೆ, ಅಲ್ಲಿ ಸೀಮೆಎಣ್ಣೆ ಇಡೋದು ಅಪಾಯ ಅಂತ ಬಸಮ್ಮ ಜಾಣತನದಿಂದ ಡಬ್ಬವನ್ನು ಸಿರಿಯ ಕೋಣೆಯ ಬಾಗಿಲ ಪಕ್ಕ ಇಟ್ಟಳು.

ಸಂಜೆ ಬಂದ ಸಿರಿ ಚಪ್ಪಲಿ ಬಿಡೋದನ್ನೂ ಮರೆತು ನಿಂತಳು.

"ಇದು ಯಾರಿಗತ್ತೆ?"

"ನಿಂಗೇ ಕಣಮ್ಮ. ನಿಂಗೋಸ್ಕರವೇ ತಂದದ್ದು. ನೀನು ಬಿಟ್ಟು ಬೇರೆ ಯಾರೂ ಮುಟ್ಟೋದಿಲ್ಲ."

ಸಿರಿ ಡಬ್ಬವನ್ನು ಬಳಸಿಕೊಂಡು ಕೋಣೆಗೆ ಹೋದಳು. ಸ್ಟೌ ಮೂಲೆಯಲ್ಲಿ ಫಳಫಳ ಹೊಳೆಯುತ್ತಾ ಕೂತಿತು, ಅವಳು ಮತ್ತೆ ಆ ಹೊಗೆಯ ಒಲೆಯ ಮುಂದೆಯೇ ಕೂತು ರೊಟ್ಟಿ ತಟ್ಟಿದಳು.

"ಒಂದು ಉಪಕಾರ ಸ್ಮರಣೆ ಐತೆನೋ ನಿನ್ನ ಹೆಂಡ್ತಿಗೆ?" ಅಂತ ಬಸಮ್ಮ ಮಗನ ಮೇಲೆ ಹರಿಹಾಯ್ದಳು. "ಕೊಂಡು ತಂದದ್ದನ್ನ ತಿರುಗಿಯೂ ನೋಡ್ತಿಲ್ಲ."

"ಏನೋ ಹೆದರ್ಕೊಂಡವ್ಳೆ ಕಣವ್ವ. ಕೇಳಿದ್ರೆ ಅಳ್ತಾಳೆ. ನಂಗೂ ತಿಳೀತಿಲ್ಲ."

"ಹೆದರಬೇಕಾದೋರು ನಾವು ಕಣಪ್ಪ."

ಇಪ್ಪತ್ತೊಂಬತ್ತನೇ ತಾರೀಖು ಶುಕ್ರವಾರ ಸಿರಿ ಆ ನೋಟ್‌ಬುಕ್ಕನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋದಳು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಬಸಮ್ಮ ಕಿಟಕಿಗೆ ಓಡಿದಳು. ಸಂಜೆ ಸಿರಿ ಒಂದು ದೊಡ್ಡ ಕಟ್ಟು ಕಾಗದ ದಾರ ಕಟ್ಟಿ ತಂದು ಕೋಣೆಗೆ ಒಯ್ದಳು. ಜೀಪು ಬರಲಿಲ್ಲ. ಶನಿವಾರವೂ ಬರಲಿಲ್ಲ. ಬಸಮ್ಮನಿಗೆ ಉಸಿರು ಬಂತು. ಇನ್ನೊಂದು ದಿನ ಕಳೆದರೆ ಸಾಕು.

ಶನಿವಾರ ಸಂಜೆ ಸೊಸೆಯನ್ನು ಕೂರಿಸಿಕೊಂಡು ಭಾನುವಾರದ ಕೆಲಸ ಹಂಚಿದಳು. "ನೋಡಮ್ಮ, ಬೆಳಿಗ್ಗೆ ನಾನು ಶ್ಯಾಮಲಾನ ದೇವಸ್ಥಾನಕ್ಕೆ ಕರ್ಕೊಂಡು ಹೋಗಿ ಬತ್ತೀನಿ. ಗಂಡಸರು ತೋಟಕ್ಕೆ ಹೋಗಿ ಎಳನೀರು ಕೀಳಿಸ್ಕೊಂಡು ಬತ್ತಾರೆ. ಮನೇಲಿ ನೀನೊಬ್ಬಳೇ ಇರ್ತೀಯ. ನಾಳೆಗಾದ್ರೂ ಆ ಸ್ಟೌ ಹಚ್ಚು. ಉಪ್ಪಿಟ್ಟು, ಕೇಸರಿಬಾತು. ಎಣ್ಣೆ ನಾನೇ ತುಂಬಿ ಇಟ್ಟಿರ್ತೀನಿ."

ಸಿರಿ ತಿರುಗಿ ಸ್ಟೌ ನೋಡಿದಳು. "ನಾನೊಬ್ಬಳೇನಾ?" ಅಂದಳು.

"ಹ್ಞೂಂ. ಯಾರ ಕಾಟವೂ ಇಲ್ಲ, ನಿಧಾನಕ್ಕೆ ಮಾಡ್ಕೋ."

ಭಾನುವಾರ ಬೆಳಿಗ್ಗೆ ಗಂಡಸರು ತೋಟಕ್ಕೆ ಹೊರಟರು. ಶ್ಯಾಮಲಾ ಒಳಗೆ ತಲೆ ಬಾಚಿಕೊಳ್ಳುತ್ತಿದ್ದಳು. ಬಸಮ್ಮ ಸ್ಟೌಗೆ ಎಣ್ಣೆ ತುಂಬಿ ಕೈ ಒರೆಸಿಕೊಂಡು ನಡುಮನೆಗೆ ಬಂದರೆ ಸಿರಿ ಬ್ಯಾಗು ಹಿಡಿದು ಹೊಸಲ ಹತ್ತಿರ ನಿಂತಿದ್ದಾಳೆ.

"ಅತ್ತೆ, ನಾನು ಬೇಲೂರಿಗೆ ಹೋಗ್ತಿದ್ದೀನಿ."

ಮೂರು ವಾರ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಒಂದೇ ಸಲ ಕಿತ್ತುಕೊಂಡು ಬಂತು. "ಗೊತ್ತಿತ್ತು ಕಣೇ! ಇವತ್ತೇ ಹೋಗ್ತೀಯ ಅಂತ ಗೊತ್ತಿತ್ತು! ಹೋಗಿ ಕೊಡು ಕಂಪ್ಲೇಂಟು. ನಿನ್ನ ನೋಟ್‌ಬುಕ್ಕು ಓದಿದ್ದೀನಿ ನಾನು. ಕಿರುಕುಳ ಅಂತೆ, ಕಸದ ಹಂಗೆ ನೋಡಿದ್ವಂತೆ! ನನ್ನ ಮಗಳು ನಿಂಗೇನೇ ಮಾಡಿದ್ಲು?"

ಸಿರಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವ ನೋಟ್‌ಬುಕ್ಕು?"

"ಟ್ರಂಕಿನ ಹಿಂದೆ ಬಚ್ಚಿಟ್ಟಿದ್ಯಲ್ಲ, ಅದು!"

"ಬಚ್ಚಿಟ್ಟಿರ್ಲಿಲ್ಲ ಅತ್ತೆ, ಬಿದ್ದುಹೋಗಿತ್ತು. ವಾರವೆಲ್ಲ ಹುಡುಕ್ದೆ. ಅದು ಹತ್ತನೇ ಕ್ಲಾಸಿನ ಟೆಸ್ಟು. ಶುಕ್ರವಾರ ಇತ್ತು, ಪೇಪರೆಲ್ಲ ಒಳಗಿದೆ, ನೋಡ್ಕೊಳ್ಳಿ. ಜನರಿಗೆ ಅನ್ಯಾಯ ಮಾಡೋದಕ್ಕೆ ಇಂಗ್ಲಿಷಿನಲ್ಲಿ ಏನೇನು ಮಾತಿದೆ ಅಂತ ಮಕ್ಕಳಿಗೆ ಕಲಿಸ್ತಿದ್ದೆ."

"ಮಕ್ಕಳ ಟೆಸ್ಟಾದ್ರೆ ಏಳಕ್ಕೆ ಗುರುತು ಯಾಕೆ ಹಾಕಿದ್ದು?"

ಸಿರಿ ಅತ್ತೆಯನ್ನು ನೇರವಾಗಿ ನೋಡಿ ಹೇಳಿದಳು. "ವಾಕ್ಯ ಮಾಡಿ ತೋರಿಸ್ಬೇಕಿತ್ತು. ಆ ಏಳಕ್ಕೆ ಉದಾಹರಣೆ ಹುಡುಕೋಕೆ ನಾನು ಈ ಮನೆ ಬಿಟ್ಟು ಆಚೆಗೆ ಹೋಗ್ಬೇಕಾಗ್ಲಿಲ್ಲ."

ಬಸಮ್ಮ ಮಾತು ತಿರುಗಿಸಿದಳು. "ಹಂಗಾದ್ರೆ ಯಾಕೆ ಹೋಗ್ತೀಯ? ಕಂಪ್ಲೇಂಟು ಇಲ್ಲ ಅಂದ್ಮೇಲೆ, ಇಷ್ಟು ಚೆನ್ನಾಗಿ ನೋಡ್ಕೊಳ್ತಿರುವಾಗ..."

"ಅದಕ್ಕೇ ಹೋಗ್ತಿದ್ದೀನಿ!" ಸಿರಿ ಕೂಗಿಬಿಟ್ಟಳು. ಮೂರು ವರ್ಷದಲ್ಲಿ ಆ ದನಿ ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಮೂರು ವರ್ಷ ಒಂದು ಚೊಂಬು ಬಿಸಿನೀರು ಕೊಡ್ದೋರು ಹಂಡೆ ತುಂಬ ಕಾಯಿಸ್ತೀರ. ತುಪ್ಪ ಹಾಕ್ತೀರ. ನಾನು ಬಂದ ತಕ್ಷಣ ಮಾತು ನಿಲ್ಲಿಸ್ತೀರ. ನನ್ನ ಹೆಸರಿಗೆ ಇನ್ಶೂರೆನ್ಸ್ ಅಂತೀರ. ಸ್ಟೌ ತಂದು ನಾನು ಬಿಟ್ಟು ಯಾರೂ ಮುಟ್ಟಲ್ಲ ಅಂತೀರ. ಸೀಮೆಎಣ್ಣೆ ಡಬ್ಬ ನಾನು ಮಲಗೋ ಕೋಣೆ ಬಾಗಿಲಲ್ಲಿ ಇಡ್ತೀರ. ಇವತ್ತು ಎಲ್ಲರೂ ಹೊರಗೆ ಹೋಗ್ತೀವಿ, ನೀನೊಬ್ಬಳೇ ಸ್ಟೌ ಹಚ್ಚು ಅಂತೀರ. ನಾನೂ ಪೇಪರ್ ಓದ್ತೀನಿ ಅತ್ತೆ. ವಾರಕ್ಕೊಂದು ಬರುತ್ತೆ, ಸ್ಟೌ ಸಿಡಿದು ಸೊಸೆ ಸಾವು ಅಂತ. ನನ್ನನ್ನು ಸುಡ್ತೀರ ಅಂತ ನಾನು..."

ಬ್ಯಾಗನ್ನು ಎದೆಗವಚಿಕೊಂಡು ಒಂದು ಹೆಜ್ಜೆ ಹೊಸಲಿನ ಆಚೆ ಇಟ್ಟಳು.

ಬಸಮ್ಮ ಅಲ್ಲೇ ಕುಸಿದು ಕೂತಳು. ದಪ್ಪ ಹತ್ತಿ ಸೀರೆ. ಬಿಗಿದ ತುರುಬು. ಬಾಗಿಲ ಒಳಗಿನ ನೀರಿನ ಬಕೆಟ್ಟು. ಒಂದೊಂದಾಗಿ ಬಂದು ಎದುರಿಗೆ ನಿಂತವು. ಮೊದಲು ಬಂದದ್ದು ರೋಷವೇ. ನಾನು ಸುಡೋಳಾ? ಇರುವೆ ಮೇಲೆ ನೀರು ಹೊಯ್ಯದ ನಾನು? ಹಾಗಂತ ಕೂಗಬೇಕು ಅಂತ ತಲೆ ಎತ್ತಿದಳು. ಸಿರಿಯ ಕಣ್ಣು ನೋಡಿದಳು. ಆ ಹುಡುಗಿ ಹೆದರಿದ್ದು ಸುಳ್ಳಲ್ಲ. ಇಪ್ಪತ್ತು ದಿನದಿಂದ ಈ ಮನೆಯಲ್ಲಿ ಸುಟ್ಟುಹೋಗ್ತೀನಿ ಅಂದುಕೊಂಡು ಮಲಗಿದ್ದಾಳೆ. ಬೆಳಿಗ್ಗೆ ಎದ್ದು ಅದೇ ಜನಕ್ಕೆ ರೊಟ್ಟಿ ತಟ್ಟಿದ್ದಾಳೆ. ತನ್ನ ಕೈಯಿಂದ ಒಂದು ಚಮಚ ತುಪ್ಪ ಬಿದ್ದರೆ ವಿಷ ಅನ್ನಿಸೋ ಹಾಗೆ ತಾನು ಮೂರು ವರ್ಷ ನಡೆದುಕೊಂಡಿದ್ದೀನಿ. ಬಸಮ್ಮನಿಗೆ ಹೇಸಿಗೆಯಾಯಿತು, ತನ್ನ ಮೇಲೆ ತನಗೇ.

"ಇವತ್ತೊಂದು ದಿನ ಇದ್ದುಬಿಡು ಅಂತ ಕೇಳವ್ವ," ಅಂದಳು ಶ್ಯಾಮಲಾ. ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು, ಜಡೆ ಅರ್ಧ ಹೆಣೆದು. "ಅತ್ತಿಗೆ, ಅವರು ಬಂದು ಹೋಗಲಿ. ನಿಮ್ಮ ಕಾಲಿಗೆ ಬೀಳ್ತೀನಿ."

ಬಸಮ್ಮನ ನಾಲಗೆಯ ತುದಿಯಲ್ಲೂ ಅದೇ ಇತ್ತು. ಇವತ್ತೊಂದು ದಿನ. ಈ ಮನೆಯಲ್ಲಿ ಸಿರಿಗೆ ಹೇಳಿದ್ದೆಲ್ಲ ಅದೇ ತಾನೇ, ಇವತ್ತೊಂದು ದಿನ ನೀನು ಆಮೇಲೆ ಉಣ್ಣು, ಇವತ್ತೊಂದು ದಿನ ಜ್ವರ ಇದ್ದರೂ ಎದ್ದು ಮಾಡು. ಅವಳು ಗೋಡೆ ಹಿಡಿದು ಎದ್ದಳು.

"ಬೇಡ. ಹೆದರ್ಕೊಂಡು ಅವಳು ಇಲ್ಲಿ ಒಂದು ಗಳಿಗೆಯೂ ಇರೋದು ಬೇಡ." ಸಿರಿಯ ಕಡೆ ತಿರುಗಿದಳು. "ನಾನೂ ಬತ್ತೀನಿ ನಡಿ. ನಿಮ್ಮವ್ವನ ಹತ್ರ ಬಿಟ್ಟು, ಏನು ಮಾಡಿದ್ದೀನೋ ಅದನ್ನ ನಾನೇ ಹೇಳಿ ಬತ್ತೀನಿ."

"ನೀವು ಬರೋದೇನೂ ಬೇಡ."

"ದೂರದಲ್ಲೇ ಬತ್ತೀನಿ."

ದೂರದಲ್ಲೇ ನಡೆದಳು. ಮುಂದೆ ಸಿರಿ, ಹತ್ತು ಮಾರು ಹಿಂದೆ ಬಸಮ್ಮ, ಸೀಮೆಎಣ್ಣೆ ವಾಸನೆಯ ಕೈ, ಮನೆಯಲ್ಲಿ ಉಟ್ಟ ಸೀರೆ. ಅಂಗಡಿಯವರೆಲ್ಲ ತಿರುಗಿ ನೋಡಿದರು.

ಬಸ್ ಸ್ಟ್ಯಾಂಡಿಗೆ ಹೋಗೋದಕ್ಕೂ ಬೇಲೂರಿನ ಬಸ್ಸು ಬರೋದಕ್ಕೂ ಸರಿಹೋಯಿತು. ಹಳೇಬೀಡು, ಜಾವಗಲ್ ಮೇಲೆ ಬಂದು ಅದೇ ಬಸ್ಸು ವಾಪಸು ಹೋಗಬೇಕು. ಮೊದಲು ಇಳಿದವರೇ ಶಿವಯ್ಯ, ಹಿಂದೆ ಅವರ ಹೆಂಡತಿ, ಸೊಂಟದ ಮೇಲೆ ಹೂವು ಹಣ್ಣಿನ ಬುಟ್ಟಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಬಂದಿದ್ದರು.

"ಇದೇನು ಬಸಮ್ಮನೋರೆ, ನಮ್ಮನ್ನ ಕರ್ಕೊಂಡು ಹೋಗೋಕೆ ನೀವೇ ಬಂದ್ರಾ?" ಅಂದರು ಶಿವಯ್ಯ ನಗುತ್ತಾ. ಆಮೇಲೆ ಸಿರಿಯ ಬ್ಯಾಗು ಕಂಡಿತು. "ಸೊಸೆ ಎಲ್ಲಿಗೋ ಹೊರಟಂಗೈತೆ?"

ಸುಳ್ಳು ನೂರಿದ್ದವು. ಅವಳಮ್ಮನಿಗೆ ಹುಷಾರಿಲ್ಲ ಅಂದರೆ ಸಾಕಿತ್ತು. ಉತ್ತರ ಕೊಡೋದರಲ್ಲಿ ಪಳಗಿದ ಬಸಮ್ಮ ಅವುಗಳಲ್ಲಿ ಒಂದನ್ನೂ ಎತ್ತಿಕೊಳ್ಳಲಿಲ್ಲ.

"ನಮ್ಮ ಮನೇಲಿರೋಕೆ ನನ್ನ ಸೊಸೆ ಹೆದರ್ಕೊಂಡವ್ಳೆ ಸ್ವಾಮಿ. ಹೆದರೋ ಹಂಗೆ ನಾನೇ ಮಾಡಿದ್ದೀನಿ. ತೌರಿಗೆ ಬಿಟ್ಟು ಬರೋಕೆ ಹೊರಟಿದ್ದೀನಿ. ನೀವು ಮನೆಗೆ ಹೋದ್ರೆ ನಮ್ಮೋರು ತೋಟದಿಂದ ಬತ್ತಾರೆ. ಹೋಗದೆ ತಿರುಗಿ ಹೋದ್ರೂ ನಾನು ತಪ್ಪು ತಿಳಿಯೋದಿಲ್ಲ. ನನ್ನ ಮಗಳದ್ದು ಮಾತ್ರ ಇದರಲ್ಲಿ ಏನೂ ಇಲ್ಲ."

ಶಿವಯ್ಯನವರ ನಗು ಮುಖದಲ್ಲೇ ನಿಂತುಹೋಯಿತು. ಅವರ ಹೆಂಡತಿ ಬುಟ್ಟಿಯನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಾಯಿಸಿ ಸಿರಿಯನ್ನು ನೋಡಿದಳು.

"ಹೌದೇನಮ್ಮ?"

ಇಲ್ಲ ಅಂತ ಒಂದು ಮಾತು ಹೇಳಲಿ ಅಂತ ಬಸಮ್ಮನ ಜೀವ ಹಾರಿತು. ಹೇಳಿಬಿಡಬಹುದು, ಒಳ್ಳೆಯ ಹುಡುಗಿ. ಹಾಗೆ ಅಂದುಕೊಂಡದ್ದಕ್ಕೆ ಮರುಗಳಿಗೆಯೇ ನಾಚಿಕೆಯೂ ಆಯಿತು.

"ಹೌದು," ಅಂದಳು ಸಿರಿ.

ಕಂಡಕ್ಟರ್ ಸೀಟಿ ಊದಿದ. ಸಿರಿ ಹತ್ತಿದಳು, ಬಸಮ್ಮ ಹಿಂದೆಯೇ ಹತ್ತಿದಳು. ಹಳೇಬೀಡಿನವರು ಮನೆಯ ಕಡೆ ಹೋದರೋ, ಅಲ್ಲೇ ನಿಂತರೋ ಅಂತ ತಿರುಗಿ ನೋಡೋಕೆ ಅವಳಿಗೆ ಧೈರ್ಯ ಸಾಲಲಿಲ್ಲ. ಬಸ್ಸಿನಲ್ಲಿ ಜನ ಕಮ್ಮಿ. ಸಿರಿ ಕಿಟಕಿಯ ಪಕ್ಕ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡಳು. ಪಕ್ಕದ ಜಾಗ ಖಾಲಿ ಇತ್ತು. ಬಸಮ್ಮ ಅದರ ಹತ್ತಿರ ಬಂದು ಕಂಬಿ ಹಿಡಿದು ನಿಂತಳು.

"ಕೂತ್ಕೊಳ್ಳಿ ಅಜ್ಜಿ, ಜಾಗ ಐತಲ್ಲ," ಅಂದ ಕಂಡಕ್ಟರ್.

"ಅವಳು ಹೇಳಲಿ," ಅಂದಳು ಬಸಮ್ಮ.

ಸಿರಿ ಕಿಟಕಿಯ ಆಚೆ ನೋಡುತ್ತಿದ್ದಳು. ಬಸ್ಸು ಜಾವಗಲ್ ದಾಟಿತು. ಬಸಮ್ಮ ನಿಂತೇ ಇದ್ದಳು.